ದೊರೆ ಕೈ ಕೊಡಲು ಕಲಿತದ್ದು

ಮಂಡಿ ಆಪರೇಷನ್ನಿಗೆ ಹೊರಟ ಅಕ್ಕ ತನ್ನ ನಾಯಿಯನ್ನು ನಿಮ್ಮ ಮನೆಯಲ್ಲಿ ಬಿಡಲೇ ಎಂದು ಕೇಳಿದಾಗ ದರ್ಜಿಯ ಬಾಯ್ತುಂಬ ಗುಂಡುಸೂಜಿಗಳಿದ್ದವು. “ಊಂ” ಅಂದ. ಬೇಡ ಎನ್ನುವುದಕ್ಕೂ ಆಗಲಿ ಎನ್ನುವುದಕ್ಕೂ ಅವನ ಬಾಯಿಂದ ಹೊರಡುತ್ತಿದ್ದುದು ಅದೊಂದೇ ಸದ್ದು. ಅದರ ಅರ್ಥ ಹೇಳುವ ಹಕ್ಕು ಮದುವೆಯಾದ ದಿನದಿಂದ ಹೆಂಡತಿಯದು. “ಆಗಲಿ ಅಂತಿದ್ದಾರೆ” ಎಂದು ಅವಳು ಅತ್ತಿಗೆಗೆ ತಿಳಿಸಿಬಿಟ್ಟಳು.

ನಾಯಿಯನ್ನು ಅಕ್ಕ ಮುದ್ದಿಗೆ ದೊರೆ ಅನ್ನುತ್ತಿದ್ದಳು. ಕರುವಿನಷ್ಟು ಎತ್ತರ, ಕಂಡವರೆಲ್ಲರ ಮೇಲೂ ಪ್ರೀತಿ. ಯಾರಾದರೂ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಮುಂಗಾಲೆರಡನ್ನೂ ಅವರ ಎದೆಗೇ ಇಡುತ್ತಿತ್ತು. ಕೋಟಿನ ಟ್ರಯಲ್‌ಗೆ ಬಂದ ವಕೀಲರ ಬಿಳಿ ಅಂಗಿಯ ಮೇಲೆ ಎರಡು ಕೆಸರು ಪಂಜಗಳು ಮೂಡಿದ ದಿನ ದರ್ಜಿ ಗಂಟಲು ಹರಿಯುವಂತೆ ಬೈದ. ಅಷ್ಟು ಹೊತ್ತು ತನ್ನೊಬ್ಬನನ್ನೇ ನೋಡಿ ಮಾತಾಡಿದನಲ್ಲ ಎಂಬ ಸಂತೋಷಕ್ಕೆ ದೊರೆ ಅವನ ಮೇಲೂ ಹಾರಿತು.

ದೊರೆಯನ್ನು ಕರೆದೊಯ್ದು ದೂರು ಹೇಳಿದಾಗ ಪಶುವೈದ್ಯೆ ನಕ್ಕರು. “ಬೈದ್ರೆ ಅದಕ್ಕೆ ಆಟ. ಹಾರೋ ಬದಲು ಕೂತು ಕೈ ಕೊಡೋದು ಕಲಿಸಿ. ಮುಷ್ಟಿಯಲ್ಲಿ ಬೇಯಿಸಿದ ಕೋಳಿ ಚೂರು ಇಟ್ಕೊಳ್ಳಿ. ನೆಕ್ಕುತ್ತೆ, ಮೂತಿಯಲ್ಲಿ ತಿವಿಯುತ್ತೆ, ಸುಮ್ಮನಿರಿ. ಕಾಲೆತ್ತಿ ಮುಟ್ಟಿದ ತಕ್ಷಣ ಭೇಷ್ ಅನ್ನಿ, ಮುಷ್ಟಿ ಬಿಡಿಸಿ. ತಡ ಮಾಡ್ಬೇಡಿ, ಮೋಸ ಮಾಡ್ಬೇಡಿ.”

ಮುಷ್ಟಿ ಬಿಡಿಸುವುದು ಸುಲಭ. ಭೇಷ್ ಅನ್ನುವುದೇ ಕಷ್ಟ. ತಾನೇ ಹೊಲಿದ ಕೋಟು ಮೈಗೆ ಎರಕ ಹೊಯ್ದಂತೆ ಕೂತರೂ “ಪರವಾಗಿಲ್ಲ” ಎನ್ನುವ ಪ್ರಾಣಿ ಅವನು. ಸೂಜಿಗಳನ್ನು ಅಂಗೈಗೆ ಉಗಿದು, ನಾಲಿಗೆ ಸರಿಮಾಡಿಕೊಂಡು, ಆ ಶಬ್ದ ಹೊರಬರುವಷ್ಟರಲ್ಲಿ ದೊರೆ ಕೈ ಕೊಟ್ಟು ಮುಗಿಸಿ ಚಿಂದಿಬಟ್ಟೆಯ ರಾಶಿಯಲ್ಲಿ ಹೊರಳುತ್ತಿತ್ತು. ಬಹುಮಾನ ಹೊರಳಾಟಕ್ಕೆ ಸಿಗುತ್ತಿತ್ತು. ಹಾಗಾಗಿ ದೊರೆ ಹೊರಳುವುದರಲ್ಲಿ ಪಳಗಿತು.

ಕೊನೆಗೆ ದರ್ಜಿಗೊಂದು ಉಪಾಯ ಹೊಳೆಯಿತು. ಪಂಜ ಮುಷ್ಟಿಗೆ ತಾಗಿದ ಕೂಡಲೇ ಕತ್ತರಿಯನ್ನು ಗಾಳಿಯಲ್ಲಿ ಕಚಕ್ ಅನ್ನಿಸಿದ. ಕಚಕ್, ಕೋಳಿ. ಕಚಕ್, ಕೋಳಿ. ವಾರ ತುಂಬುವುದರೊಳಗೆ “ಕೈ ಕೊಡು” ಅಂದರೆ ದೊರೆ ಠಾಕುಠೀಕಾಗಿ ಕೂತು ಪಂಜ ಚಾಚತೊಡಗಿತು. ವಕೀಲರಿಗೂ ಚಾಚಿತು. ಅವರು ಅದನ್ನು ಕುಲುಕುತ್ತ, “ನನ್ನ ಕೋಟು ನಾಳೆ ಕೊಡ್ತೀನಿ ಅಂತ ಎಷ್ಟು ಸಲ ಹೇಳಿದ್ರಿ? ನಿಮ್ಮ ಹತ್ರ ಕಲಿತ ಮೇಲೆ ಕೈಕೊಡೋದು ಬರದೇ ಇರುತ್ಯೇ?” ಅಂದರು. ದರ್ಜಿ “ಊಂ” ಅಂದ.

ಆದರೆ ಬ್ಯಾಂಡಿನವರ ಸಮವಸ್ತ್ರಕ್ಕೆ ಬಟ್ಟೆ ಕತ್ತರಿಸಲು ಕೂತ ದಿನ ಎಡವಟ್ಟಾಯಿತು. ಕಚಕ್ ಅಂದ ಕೂಡಲೇ ದೊರೆ ಎದುರಿಗೆ ಹಾಜರ್, ಪಂಜ ಮುಂದೆ. ಮೋಸ ಮಾಡುವ ಹಾಗಿಲ್ಲ. ಒಂದು ಚೂರು ಕೊಟ್ಟ. ಮತ್ತೆ ಕಚಕ್, ಮತ್ತೆ ದೊರೆ. ಕೋಳಿ ಮುಗಿಯಿತು, ಬುತ್ತಿಯ ಮೊಟ್ಟೆಯೂ ಮುಗಿಯಿತು, ಬಟ್ಟೆ ಮಾತ್ರ ಒಂದು ತೋಳಿನಾಚೆ ಹೋಗಲಿಲ್ಲ.

“ನೀವು ಕತ್ತರಿಗೇ ಬೆಲೆ ತಂದುಬಿಟ್ಟಿದೀರಿ,” ಅಂದರು ವೈದ್ಯೆ. “ಬಾಯಲ್ಲಿರೋ ಸೂಜಿ ತೆಗೆದಿಟ್ಟು, ಬಾಯಿಂದಲೇ ಹೇಳಿ.”

ಬೇರೆ ದಾರಿಯಿರಲಿಲ್ಲ. ಮರುದಿನ ಮಧ್ಯಾಹ್ನ ಟ್ರಯಲ್ ಕೋಣೆಯ ಪರದೆ ಎಳೆದುಕೊಂಡು, ದೊರೆಯನ್ನು ಕನ್ನಡಿಯ ಮುಂದೆ ಕೂರಿಸಿಕೊಂಡ. ಮೊದಲು ಕೆಮ್ಮಿದ. ಆಮೇಲೆ ಭೇಷ್ ಅಂದ. ಬಾಲ ಆಡಿತು. “ಭೇಷ್ ಬಂಗಾರ, ಎಷ್ಟು ಜಾಣ ನೀನು!” ಮಾತು ತನ್ನಷ್ಟಕ್ಕೆ ಬರತೊಡಗಿದಾಗ ಅವನಿಗೇ ಆಶ್ಚರ್ಯ.

ಪರದೆ ಸರಿಯಿತು. ಹೆಂಡತಿ, ಕೈಯಲ್ಲಿ ಗುಂಡಿ ಹಾಕಿದ ಅಂಗಿಗಳು.

“ಯಾರ್ರೀ ಅದು ಬಂಗಾರ?”

“ನಾಯಿ.”

“ಸದ್ಯ. ಹೊಸ ಗಿರಾಕಿ ಯಾರೋ ಅಂದ್ಕೊಂಡೆ.” ಅವಳು ಅಂಗಿಗಳನ್ನು ಪಕ್ಕಕ್ಕಿಟ್ಟು, ದೊರೆಯ ಪಕ್ಕದಲ್ಲೇ ನೆಲಕ್ಕೆ ಕೂತು, ಬಲಗೈ ಚಾಚಿದಳು. “ನಾನೂ ಕೂತಿದೀನಿ. ಕೈಯೂ ಕೊಟ್ಟಿದೀನಿ.”

ದರ್ಜಿಯ ಕಿವಿ ಕೆಂಪಾಯಿತು. ಆ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಲೆಗಳಿದ್ದವು; ಅಂಗಡಿಯ ಗುಂಡಿ, ಕಾಜ, ಅಂಚು ಎಲ್ಲ ಆ ಬೆರಳುಗಳದೇ. “ನಿನ್ನ ಕಾಜ ನೋಡಿಯೇ ಗಿರಾಕಿಗಳು ಬರೋದು,” ಅಂದ, ಕನ್ನಡಿಯೊಳಗಿನ ಅವಳಿಗೆ.

“ಈ ಕಡೆ ತಿರುಗಿ ಹೇಳಿ.”

ತಿರುಗಿ ಹೇಳಿದ. ಅವಳು ನಗಲು ಹೋಗಿ, ನಗದೆ, ಅಂಗಿಗಳನ್ನೆತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಗುಂಡಿ ಹಾಕುವ ಮೂಲೆಯಿಂದ ಗುನುಗು ಕೇಳುತ್ತಿತ್ತು.

ಅಕ್ಕ ಊರುಗೋಲು ಹಿಡಿದು ಗಾಡಿಯಿಂದಿಳಿದಾಗ ದೊರೆ ಅಂಗಡಿಯೊಳಗಿಂದ ಬಾಣದ ಹಾಗೆ ಚಿಮ್ಮಿತು. “ಅಯ್ಯೋ, ಮಂಡಿ!” ಎಂದು ಹೆಂಡತಿ ಕಿರುಚಿದಳು. ದರ್ಜಿ ಕತ್ತರಿ ಎಸೆದು ಓಡಿದ. ಅಕ್ಕ ಕಣ್ಣು ಮುಚ್ಚಿಕೊಂಡಳು.

ದೊರೆ ಅವಳೆದುರು ಜಾರಿಕೊಂಡು ನಿಂತಿತು. ಮೈಯೆಲ್ಲ ನಡುಗುತ್ತಿತ್ತು, ಹಾರಬೇಕೆಂಬ ಆಸೆ ಕಾಲುಕಾಲಿನಲ್ಲೂ ಕುಣಿಯುತ್ತಿತ್ತು. ಆದರೂ ಕೂತಿತು. ಕುಯ್‌ಗುಡುತ್ತ ಒಂದು ಪಂಜ ಮೇಲೆತ್ತಿತು.

“ಭೇಷ್! ಭೇಷ್ ನನ್ನ ಬಂಗಾರ!” ದರ್ಜಿಯ ಕೂಗಿಗೆ ಬೀದಿಯ ಅಂಗಡಿಯವರೆಲ್ಲ ಹೊರಬಂದರು.

ಅಕ್ಕ ಕಣ್ಣು ಬಿಟ್ಟು ಪಂಜ ಹಿಡಿದುಕೊಂಡಳು. “ಇವನೇನೋ ಸರಿ,” ಎಂದು ತಮ್ಮನ ಕಡೆ ಗದ್ದ ಎತ್ತಿದಳು, “ಇವನಿಗೆ ಮಾತು ಕಲಿಸಿದ್ದು ಯಾರು?”