ಎಟುಕದ ಗಾಡಿ ನಿಲ್ಲಿಸಲು ಕೆಲವು ಕರಡುಗಳು

1

ಈ ಕಥೆ ಎಲ್ಲಿಂದ ಹೊರಡಬೇಕು ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಜಾಗಗಳಿಗೇನೂ ಕೊರತೆಯಿಲ್ಲ. ಹಾಸನದಲ್ಲಿ ಬೈಕ್ ಶೋರೂಮ್ ಇದೆ, ಹೊಳೆನರಸೀಪುರದಲ್ಲಿ ಗ್ಯಾರೇಜ್ ಇದೆ, ಅರಕಲಗೂಡಿನಲ್ಲಿ ಹಸಿರು ಗೇಟಿನ ಒಂದು ಮನೆ ಇದೆ. ಆದರೆ ಸಾಹಿತಿ ಅನ್ನಿಸಿಕೊಂಡವನು ಇಂಥ ಕಡೆಯಿಂದೆಲ್ಲ ಶುರು ಮಾಡಿದರೆ ಮರ್ಯಾದೆ ಉಳಿಯುವುದಿಲ್ಲವೆಂದು ಮೊದಲ ಕರಡನ್ನು ಹೀಗೆ ಬರೆದೆ:

‘ಬಿಸಿಲೆ ಘಾಟಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ತಿರುವಿನಲ್ಲಿ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕೆಳಗೆ ಹರಡಿದ್ದ ಕಾಡನ್ನು ನೋಡುತ್ತ ತೇಜಶ್ರೀ ತನ್ನನ್ನೇ ಕೇಳಿಕೊಂಡಳು: ನಾನು ಯಾರು?’

“ಸಾ,” ಎಂದಳು ತೇಜಶ್ರೀ.

(ಪಾತ್ರಗಳು ಲೇಖಕನಿಗೆ ಎದುರು ಮಾತಾಡುವುದು ಹಳೆಯ ತಂತ್ರ, ಗೊತ್ತು. ಆದರೆ ನನ್ನ ಪಾತ್ರಗಳು ಎರಡನೇ ವಾಕ್ಯಕ್ಕೇ ಶುರು ಹಚ್ಚಿಕೊಳ್ಳುತ್ತವೆ. ಮನೆಯಲ್ಲೂ ನನ್ನ ಪರಿಸ್ಥಿತಿ ಹೀಗೇ ಇದೆ.)

“ನಾನ್ಯಾರು ಅಂತ ನಂಗೊತ್ತು ಸಾ. ಕೊಣನೂರು ಹೈಸ್ಕೂಲಲ್ಲಿ ಮ್ಯಾಥ್ಸ್ ಟೀಚರ್. ಅರಕಲಗೂಡಿಂದ ದಿನಾ ಓಗಿ ಬರೋಕೆ ಗಾಡಿ ತಗೊಂಡಿದೀನಿ. ಬಿಸ್ಲೆಗೆ ಯಾಕೆ ಓಗ್ಲಿ? ಪ್ರೇಯರ್‌ಗೆ ಲೇಟಾಗಲ್ವಾ?”

“ಇದು ಡ್ಯುಯಲ್ ಸ್ಪೋರ್ಟ್ ಕಣಮ್ಮ. ಕಾಡು, ಕಲ್ಲು, ಹೊಳೆ ಎಲ್ಲ ದಾಟೋ ಗಾಡಿ. ಅದರಲ್ಲಿ ಸ್ಕೂಲಿಗೆ ಹೋದರೆ ಕಥೆ ಆಗುತ್ತಾ?”

“ನಮ್ಮ ರೋಡು ನೋಡಿದೀರಾ ಸಾ?”

ನೋಡಿದ್ದೇನೆ. ಕರಡನ್ನು ಹರಿದು ಹಾಕಿದೆ.

1 (ಮತ್ತೆ)

ಸರಿ, ಶೋರೂಮಿನಿಂದಲೇ ಹೊರಡೋಣ. ತೇಜಶ್ರೀಗೆ ಇಪ್ಪತ್ತೊಂಬತ್ತು ವರ್ಷ. ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಅವಳು ಸ್ವಂತ ಸಂಬಳದಲ್ಲಿ ಕೊಂಡ ಗಾಡಿಯ ಸೀಟು ನೆಲದಿಂದ ಮೂವತ್ತೆರಡೂವರೆ ಇಂಚು. (ಕಂಪನಿಯ ಹೆಸರು ಬರೆಯುವುದಿಲ್ಲ. ಅವರು ನನಗೆ ಒಂದು ಕೀಚೈನ್ ಕೂಡ ಕೊಟ್ಟಿಲ್ಲ.) ನಾನು ಐದು ಅಡಿ ಹನ್ನೊಂದು, ಓಡಿಸುವುದು ಸ್ಕೂಟರ್. ಅವಳಿಗೂ ನನಗೂ ಸರಿಯಾಗಿ ಒಂದು ಅಡಿ ವ್ಯತ್ಯಾಸ. ಈ ಕಥೆಯಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ಆ ಒಂದು ಅಡಿಯೊಳಗೇ ಇವೆ.

ಸೇಲ್ಸ್‌ಮನ್ ರೂಢಿಯಂತೆ ಎರಡು ಟೈರಿನ ಕೆಳಗೂ ನಿಂಬೆಹಣ್ಣಿಟ್ಟ. ಜೊತೆಗೆ ಬಂದಿದ್ದ ತೇಜಶ್ರೀಯ ಅಪ್ಪ ಮಂಚಯ್ಯ, ಸಾರಿಗೆ ಬಸ್ಸಿನ ನಿವೃತ್ತ ಡ್ರೈವರ್, ಬಗ್ಗಿ ಎರಡನ್ನೂ ಎತ್ತಿಕೊಂಡರು.

“ನಾವು ಬುದ್ಧನ ಕಡೇರು ಕಣಪ್ಪ, ಇವೆಲ್ಲ ಇಲ್ಲ. ಪಾನಕಕ್ಕಾಯ್ತವೆ,” ಎಂದು ಜೇಬಿಗಿಳಿಸಿ, ಬಸ್ಸು ಹಿಡಿದು ಮುಂಚೆಯೇ ಅರಕಲಗೂಡಿಗೆ ಹೋದರು.

ಓಡಿಸುವುದು ತೇಜಶ್ರೀಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ನಿಲ್ಲಿಸುವುದು. ನೆಟ್ಟಗೆ ಕೂತರೆ ಎರಡು ಕಾಲೂ ಗಾಳಿಯಲ್ಲಿ. ಒಂದು ಪಕ್ಕಕ್ಕೆ ಜಾರಿಕೊಂಡರೆ ಬೂಟಿನ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಹಾಸನದಿಂದ ಅರಕಲಗೂಡಿನವರೆಗೆ ಅವಳು ಎಲ್ಲೂ ನಿಲ್ಲಿಸದೆ ಬಂದಳು. ಆದರೆ ಸ್ವಂತ ಮನೆಯ ಮುಂದೆ ನಿಲ್ಲಿಸದೆ ಇರಲು ಆಗುತ್ತದೆಯೇ? ಗೇಟಿನ ಹತ್ತಿರ ನಿಧಾನ ಮಾಡಿ, ಕಾಂಪೌಂಡ್ ಗೋಡೆಗೆ ಭುಜ ಉಜ್ಜಿಕೊಂಡು ನಿಂತಳು.

ಮಂಚಯ್ಯ ಗೇಟಿನಲ್ಲೇ ಕಾಯುತ್ತಿದ್ದರು. “ನಾನು ಬಸ್ಸನ್ನ ಗೋಡೆಗೊರಗ್ಸಿ ನಿಲ್ಸಿದ್ರೆ ಅವತ್ತೇ ಸಸ್ಪೆಂಡ್ ಮಾಡಿರೋರು ಕಣವ್ವ,” ಎಂದರು.

2

ಇಲ್ಲಿ ನಾನು ಉಪಕಾರ ಮಾಡಲು ಹೊರಟೆ. ಲೇಖಕ ಅಂದಮೇಲೆ ಪಾತ್ರದ ಕಷ್ಟ ನೋಡಿಕೊಂಡು ಕೂರಲಾಗುತ್ತದೆಯೇ? ಎರಡು ಪ್ಯಾರಾ ಬರೆದು ಗಾಡಿಯನ್ನೇ ತಗ್ಗಿಸಿಬಿಟ್ಟೆ.

ಮೊದಲು ಚನ್ನರಾಯಪಟ್ಟಣಕ್ಕೆ ಕಳಿಸಿದೆ. ಅಲ್ಲಿ ಸೀಟು ಹೊಲಿಯುವ ಪುಟ್ಟರಾಜು ಕವರ್ ಬಿಚ್ಚಿ, ಸ್ಪಂಜನ್ನು ಒಂದೂವರೆ ಇಂಚು ಕೊಯ್ದು, ಮತ್ತೆ ಹೊಲಿದುಕೊಟ್ಟ. (ಈಗ ಅದರ ಮೇಲೆ ಕೂತರೆ ಸ್ಕೂಲಿನ ಬೆಂಚಿನ ನೆನಪಾಗುತ್ತದೆ.) ಆಮೇಲೆ ಹೊಳೆನರಸೀಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶಾಂತರಾಜು ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಾಯಿಸಿ, ಮುಂದಿನ ಫೋರ್ಕನ್ನೂ ಅದಕ್ಕೆ ತಕ್ಕಂತೆ ಹೊಂದಿಸಿ, ಇಡೀ ಗಾಡಿಯನ್ನು ಇನ್ನೊಂದು ಇಂಚು ಇಳಿಸಿದ. ಹಲ್ಲುಹಲ್ಲಿನ ಟೈರುಗಳು ಟಾರ್ ರಸ್ತೆಯಲ್ಲಿ ಗುಂಯ್ಗುಡುತ್ತವೆಂದು ತೆಗೆದು ರೋಡ್ ಟೈರ್ ಹಾಕಿದ. ತೇಜಶ್ರೀ ತಾನಾಗಿ ಕೇಳಿದ್ದು ಒಂದೇ: ಅವ್ವ ಹಿಂದೆ ಕೂರಲು ಒಂದು ಸೀರೆಗಾರ್ಡು, ಕೆಳಗೆ ಕಾಲಿಡಲು ಒಂದು ಹಲಗೆ.

“ಡ್ಯುಯಲ್ ಸ್ಪೋರ್ಟ್‌ಗೆ ಸೀರೆಗಾರ್ಡಾ ಮೇಡಂ?” ಎಂದು ಶಾಂತರಾಜು ನಕ್ಕ. ನಕ್ಕರೂ ಹಳೆಯ ಗಾಡಿಯೊಂದರದನ್ನು ಹುಡುಕಿ, ಬೆಸುಗೆ ಹಾಕಿ ಕೂರಿಸಿಕೊಟ್ಟ.

ಒಟ್ಟು ಎರಡೂವರೆ ಇಂಚು ಇಳಿಯಿತು. ನಾನು ಬೆನ್ನು ತಟ್ಟಿಕೊಂಡು ಕಾಫಿ ಕುಡಿಯಲು ಎದ್ದೆ.

3

ವಾಪಸ್ ಬರುವಷ್ಟರಲ್ಲಿ ಗಾಡಿ ಬಿದ್ದಿತ್ತು.

ಅರಕಲಗೂಡು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿ. ತೇಜಶ್ರೀ ಸೈಡ್ ಸ್ಟ್ಯಾಂಡ್ ಹಾಕಿ, ಇಳಿದು, ಎರಡು ಹೆಜ್ಜೆ ಇಟ್ಟಿದ್ದಾಳೆ. ಪಕ್ಕದಲ್ಲಿ ಒಂದು ಬಸ್ ಹಾದು ಹೋಗಿದೆ. ಆ ಗಾಳಿಗೇ ಗಾಡಿ ಬಲಕ್ಕೆ ಮಗುಚಿ ಕನ್ನಡಿ ಪುಡಿಯಾಗಿದೆ. ಅಂಗಡಿಯೊಳಗೆ ಹಳೆಯ ಡಿಪೋ ಗೆಳೆಯರ ಜೊತೆ ಟೀ ಹೀರುತ್ತಿದ್ದ ಮಂಚಯ್ಯ ಶಬ್ದ ಕೇಳಿ ಆಚೆ ಬಂದರು. ಅವರಿಗೆ ಕಂಡದ್ದು ಬಿದ್ದ ಗಾಡಿ, ಪಕ್ಕದಲ್ಲಿ ನಿಂತ ಮಗಳು. ಮಿಕ್ಕಿದ್ದನ್ನು ಅವರೇ ಊಹಿಸಿಕೊಂಡರು.

“ಅಪ್ಪಾ, ನಾನು ಬೀಳಿಸ್ಲಿಲ್ಲ,” ಎಂದಳು ತೇಜಶ್ರೀ.

ಮಂಚಯ್ಯ ಕನ್ನಡಿಯ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿದರು. ಗೆಳೆಯರು ಟೀ ಲೋಟದೊಳಗೆ ಏನೋ ಹುಡುಕುವವರ ಹಾಗೆ ತಲೆ ಬಗ್ಗಿಸಿದರು.

ಅಷ್ಟು ಹೊತ್ತಿಗೆ ಶಾಂತರಾಜು ಸ್ಪ್ಯಾನರ್ ಹಿಡಿದುಕೊಂಡೇ ನನ್ನ ಹಾಳೆಯೊಳಕ್ಕೆ ನುಗ್ಗಿದ. “ಏನ್ ಸಾ ನೀವು? ಲಿಂಕ್ ಆಕು ಅಂತ ಬರುದ್ರಿ, ಆಕ್ದೆ. ಗಾಡಿ ತಗ್ಗುದ್ಮೇಲೆ ಸೈಡ್ ಸ್ಟ್ಯಾಂಡೂ ಕಟ್ ಮಾಡ್ಬೇಕು ಅಂತ ಒಂದ್ ಲೈನ್ ಬರೀಬೇಕಲ್ವಾ? ಸ್ಟ್ಯಾಂಡ್ ಉದ್ದ ಆಗಿ ಗಾಡಿ ವಾಲ್ದೆ ನೆಟ್ಟಗೆ ನಿಂತದೆ. ನೆಟ್ಟಗೆ ನಿಂತಿದ್ದು ಬೀಳ್ದೆ ಇನ್ನೇನ್ ಮಾಡ್ತದೆ?”

ನಿಜ. ಸ್ಟ್ಯಾಂಡನ್ನು ನಾನು ಮರೆತಿದ್ದೆ. ಆ ಹುಡುಗಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಒಂದು ಸಾಲು ತಿದ್ದಿದರೆ ಇನ್ನೊಂದು ಸಾಲು ಕೆಡುತ್ತದೆಂದು ಮೂವತ್ತು ವರ್ಷ ಬರೆದ ನನಗೆ ಗೊತ್ತಿರಬೇಕಿತ್ತು. ನನಗೆ ನಾಚಿಕೆಯಾಯಿತು. ಪ್ಯಾರಾ ಹೊಡೆದು ಹಾಕೋಣವೆಂದರೆ ಮಂಚಯ್ಯ ಆಗಲೇ ನೋಡಿಬಿಟ್ಟಿದ್ದರು.

ಮನೆಗೆ ಬಂದಮೇಲೆ ಅವರು ಹೇಳಿದ್ದು ಇಷ್ಟು: “ಗಾಡಿ ಓಡುಸ್ತೀಯ, ಸರಿ. ಆದ್ರೆ ನಿಲ್ಸಕ್ಕೆ ಬರ್ದಿದ್ರೆ ಅದು ಓಡ್ಸದಲ್ಲ ಕಣವ್ವ. ಬರೋ ಭಾನ್ವಾರ ನಿಮ್ಮವ್ವನ್ನ ಇಂದೆ ಕೂರಿಸ್ಕೊಂಡು ಕೆರೆ ಏರಿ ಗಂಟ ಓಗ್ಬುಟ್ಟು ಬಂದು, ಈ ಗೇಟ್ ಮುಂದೆ ನಿಲ್ಸು. ಗೋಡೆ ಮುಟ್ಬಾರ್ದು. ನಿಲ್ಸುದ್ರೆ ನಾನಿನ್ನ ಮಾತಾಡಲ್ಲ. ಇಲ್ದಿದ್ರೆ ಕೊಟ್ಬುಟ್ಟು ಸ್ಕೂಟ್ರು ತತ್ತೀಯ.”

“ಆಯ್ತಪ್ಪ,” ಎಂದಳು ತೇಜಶ್ರೀ.

4

“ಯಾಕಮ್ಮ ಒಪ್ಪಿಕೊಂಡೆ?” ಎಂದು ಕೇಳಿದೆ. “ನಿನ್ನ ಸಂಬಳ, ನಿನ್ನ ಗಾಡಿ.”

“ನಂಗೆ ಸೈಕಲ್ ಕಲಿಸಿದ್ದು ಅಪ್ಪ, ಸಾ. ಮೊದಲ್ನೇ ದಿನ ಸ್ಕೂಲಿಗೆ ಓದಾಗ್ಲೂ ಗೇಟಲ್ಲಿ ನಿಂತು ‘ರೈಟ್’ ಅಂತ ಕೈ ಆಡ್ಸಿದ್ದು ಅವ್ರೇ. ಈ ಗಾಡಿಗೆ ಇನ್ನೂ ಅಂದಿಲ್ಲ. ಅವ್ರು ರೈಟ್ ಅನ್ನದೆ ಗೇಟ್ ದಾಟುದ್ರೆ ಏನೋ ಬಿಟ್ಬಂದಂಗಾಯ್ತದೆ.”

ಸ್ಟ್ಯಾಂಡ್ ಕತ್ತರಿಸುವ ಪ್ಯಾರಾವನ್ನು ಈಗಲಾದರೂ ಬರೆಯುತ್ತೇನೆ ಎಂದೆ.

“ಬೇಡ ಸಾ. ಎಲ್ಲ ವಾಪಸ್ ಮಾಡಿ. ಸ್ಪಂಜು, ಲಿಂಕು, ಎಲ್ಲ. ಟೈರೂ ಸೀರೆಗಾರ್ಡೂ ಇರ್ಲಿ.”

“ತಲೆ ಕೆಟ್ಟಿದೆಯಾ? ಭಾನುವಾರಕ್ಕೆ ನಾಲ್ಕು ದಿನ ಇದೆ. ತಗ್ಗಿದ ಗಾಡಿಯಲ್ಲಾದರೆ ಕಾಲು ಎಟುಕುತ್ತೆ.”

ಅವಳು ಹೇಳಿದಳು: “ಸಾ, ನೀವು ಎತ್ತರ ಇದೀರ, ನಿಮಗ್ಗೊತ್ತಾಗಲ್ಲ. ಕ್ಲಾಸ್ ಫೋಟೋಲಿ ನಾನು ಯಾವಾಗ್ಲೂ ಮುಂದಿನ ಸಾಲು. ಬಸ್ಸಲ್ಲಿ ಯಾರ್ದೋ ಕಂಕುಳ ಕೆಳಗೆ. ಏಪ್ರಿಲ್ ಹದ್ನಾಲ್ಕಕ್ಕೆ ಮೆರವಣಿಗೆ ನೋಡಕ್ಕೋದ್ರೆ ನಂಗೆ ಕಂಡಿದ್ದು ಬರೀ ಬೆನ್ನು. ಶೋರೂಮಲ್ಲಿ ಈ ಸೀಟ್ ಮೇಲೆ ಕೂತ್ಕಂಡಾಗ, ಮುಂದೆ ನಿಂತಿದ್ದ ಕಾರ್ ಮೇಲಿಂದ ಆ ಕಡೆ ರೋಡು ಕಾಣ್ತು ಸಾ. ಮರ, ಅಂಗಡಿ ಬೋರ್ಡು, ಎಲ್ಲ ಕಾಣ್ತು. ಅದುಕ್ಕೇ ತಗೊಂಡಿದ್ದು. ನೀವು ಎರಡೂವರೆ ಇಂಚು ಕಿತ್ಕೊಂಡ್ಬಿಟ್ರಿ. ಈಗ ಬರೀ ಕಾರಿನ ಟಾಪು ಕಾಣ್ತದೆ.”

ನಾನು ಪೆನ್ನು ಕೆಳಗಿಟ್ಟೆ. ಓದುಗರೇ, ಇಷ್ಟು ಹೊತ್ತು ನಾನು ಬೇರೆಯದೇ ಕಥೆ ಬರೆಯುತ್ತಿದ್ದೆ. ಗಾಡಿ ಎತ್ತರವಾಗಿರುವುದೇ ಸಮಸ್ಯೆ ಎಂದುಕೊಂಡಿದ್ದೆ.

ಪುಟ್ಟರಾಜು ಸೀಟಿಗೆ ಹೊಸ ಸ್ಪಂಜು ಹಾಕಿದ. ಶಾಂತರಾಜು ಹಳೆಯ ಲಿಂಕನ್ನೇ ಕೂರಿಸಿ, ಫೋರ್ಕನ್ನು ಮೊದಲಿನಂತೆ ಮಾಡಿ, ಹೊಸ ಕನ್ನಡಿ ಹಾಕಿದ. “ನಿಮ್ ಕಥೆ ಬಲ್ ಕಷ್ಟ ಸಾ, ಬಿಚ್ಚು, ಆಕು, ಬಿಚ್ಚು,” ಎಂದು ನನಗೆ ಬೈದ.

5

ಉಳಿದ ಮೂರು ದಿನ ತೇಜಶ್ರೀ ಅಭ್ಯಾಸ ಮಾಡಿದಳು. ಅವಳು ಗಣಿತದವಳು, ನನ್ನ ಹಾಗೆ ಉಪಮೆ ಹುಡುಕುತ್ತ ಕೂರುವುದಿಲ್ಲ. ಕ್ಲಾಸಿನ ಮರದ ಸ್ಕೇಲ್ ಹಿಡಿದು ಕೊಣನೂರಿನ ದಾರಿಯುದ್ದಕ್ಕೂ ಅಳೆದಳು. ಹಾಲಿನ ಡೈರಿಯ ಮೆಟ್ಟಿಲು ಏಳು ಇಂಚು. ಬಸ್ ಶೆಲ್ಟರಿನ ಕಟ್ಟೆ ಒಂಬತ್ತು. ಸ್ಕೂಲಿನ ಬಾವುಟದ ಕಟ್ಟೆ ಎಂಟು. ಅಂಥ ಕಡೆ ಗಾಡಿಯನ್ನು ಪಕ್ಕಕ್ಕೆ ತಂದು ಎಡಗಾಲು ಊರಿದರೆ ರಾಣಿಯ ಹಾಗೆ ನಿಲ್ಲುತ್ತಾಳೆ. ಇಪ್ಪತ್ತು ವರ್ಷದಿಂದ ಆ ರಸ್ತೆಯಲ್ಲಿ ಓಡಾಡಿದ್ದೇನೆ, ಈ ಮೆಟ್ಟಿಲುಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ.

ತೊಂದರೆ ಒಂದೇ ಕಡೆ ಉಳಿಯಿತು. ಹಸಿರು ಗೇಟಿನ ಮುಂದೆ ಈಗಷ್ಟೇ ಸಿಮೆಂಟ್ ರಸ್ತೆ ಮಾಡಿದ್ದಾರೆ. ಅದು ಸಪಾಟಾಗಿದೆ. ಕಟ್ಟೆಯಿಲ್ಲ, ಮೆಟ್ಟಿಲಿಲ್ಲ.

“ಅವ್ವ ಕೂತ್ರೆ ಗಾಡಿ ಒಂದಿಂಚು ತಾನಾಗೇ ಇಳೀತದೆ ಸಾ,” ಎಂದಳು. ಇಳಿಯುತ್ತದೆ, ಸರಿ. ಆದರೂ ಇನ್ನೂ ಒಂದಿಷ್ಟು ಉಳಿಯುತ್ತದೆ, ಅದು ಅವಳಿಗೂ ಗೊತ್ತು.

6

ಅಂತ್ಯಗಳು. ಮೂರನ್ನು ಬರೆದಿಟ್ಟಿದ್ದೇನೆ.

ಮೊದಲನೆಯದರಲ್ಲಿ ತೇಜಶ್ರೀ ಬೀಳುತ್ತಾಳೆ, ಅಪ್ಪನ ಮಾತಿನ ಬೆಲೆ ಅರಿಯುತ್ತಾಳೆ, ಸ್ಕೂಟರ್ ಕೊಳ್ಳುತ್ತಾಳೆ. ಇದನ್ನು ಓದಿ ಅವಳು ನನ್ನನ್ನು ನೋಡಿದ ರೀತಿಗೆ ಹಾಳೆಯನ್ನು ನಾನೇ ಮಡಿಚಿಟ್ಟೆ.

ಎರಡನೆಯದರಲ್ಲಿ ಅವಳು ಚೆಂದವಾಗಿ ನಿಲ್ಲಿಸುತ್ತಾಳೆ, ಇಡೀ ಬೀದಿ ಚಪ್ಪಾಳೆ ತಟ್ಟುತ್ತದೆ, ಮಂಚಯ್ಯನ ಕಣ್ಣು ಒದ್ದೆಯಾಗುತ್ತದೆ. ಮಂಚಯ್ಯ ಇದಕ್ಕೆ ಒಪ್ಪಲಿಲ್ಲ. “ನಾನು ಮೂವತ್ತೆರಡು ವರ್ಷ ಬಸ್ ನಿಲ್ಸಿದೀನಿ ಸಾ. ಒಂದ್ ದಿನಾನೂ ಯಾರೂ ಚಪ್ಪಾಳೆ ತಟ್ನಿಲ್ಲ,” ಎಂದರು.

ಮೂರನೆಯದರಲ್ಲಿ ತೇಜಶ್ರೀಯ ಅವ್ವ ಮಾಯಮ್ಮ ಹೆದರಿ ಗಾಡಿ ಹತ್ತುವುದೇ ಇಲ್ಲ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಮಾಯಮ್ಮ ಅಡುಗೆಮನೆಯಿಂದ ಆಚೆ ಬಂದರು. ಮಗಳಿಗಿಂತ ಒಂದಿಂಚು ಗಿಡ್ಡ.

“ನನ್ನ ಒಂದ್ ಮಾತು ಕೇಳ್ದೆ ಬರ್ಕಂಡ್ರಾ? ನಂಗೇಂತ ಮಗ್ಳು ಸೀರೆಗಾರ್ಡ್ ಆಕ್ಸವ್ಳೆ. ಕೂರ್ದೆ ಇರ್ತೀನಾ?”

ಮೂರೂ ಹೋದವು. ಭಾನುವಾರ ಬಂತು.

7

ಬೆಳಗಿನ ಹತ್ತು ಗಂಟೆ. ಮಾಯಮ್ಮ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಕೈ ಮುಗಿದು, ಗೇಟಿನೊಳಗಿನ ಜಗುಲಿಯ ಮೇಲಿಂದಲೇ ಗಾಡಿ ಹತ್ತಿ ಒಂದು ಕಡೆಗೆ ಕಾಲು ಹಾಕಿ ಕೂತರು. ಮಂಚಯ್ಯ ಮನೆಯೊಳಗಿದ್ದರು. ಕೈ ಆಡಿಸಲು ಬರಲಿಲ್ಲ. ತೇಜಶ್ರೀ ಒಂದು ಸಲ ತಿರುಗಿ ನೋಡಿ ಹೊರಟಳು.

ಹೋಗುವಾಗ ಮಾಯಮ್ಮ ಕಣ್ಣು ಮುಚ್ಚಿಕೊಂಡು ಮಗಳ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದರು. ಕೆರೆ ಏರಿಯ ಮೇಲೆ ಗಾಳಿ ಬೀಸಿದಾಗ ಒಂದು ಕಣ್ಣು ಬಿಟ್ಟರು. ಊರೊಳಕ್ಕೆ ವಾಪಸ್ ಬಂದಾಗ ಎರಡೂ ಬಿಟ್ಟರು.

“ತೇಜು,” ಎಂದರು. “ಪರಮಶಿವಯ್ಯನೋರ ಕಾಂಪೋಂಡ್ ಒಳ್ಗೆ ಗುಲಾಬಿ ಗಿಡ ಅವೆ ಕಣೇ.”

“ಮುಂಚಿಂದ್ಲೂ ಅವೆ ಕಣವ್ವ.”

“ನಂಗೆಲ್ಲಿ ಕಾಣ್ತಿದ್ವು? ಈ ಬೀದೀಲಿ ಮೂವತ್ತು ವರ್ಷದಿಂದ ಗೋಡೆ ನೋಡ್ಕಂಡೇ ಓಡಾಡಿದೀನಿ.”

ಗಾಡಿ ಬೀದಿಯ ತಿರುವು ದಾಟಿತು. ಹಸಿರು ಗೇಟು ಕಂಡಿತು. ತೇಜಶ್ರೀಯ ಅಂಗೈ ಬೆವರಿದೆ, ನನ್ನದೂ. ನಾನು ಎರಡನೇ ಅಂತ್ಯವನ್ನೇ ಕೈಯಲ್ಲಿ ಹಿಡಿದಿದ್ದೇನೆ, ಬೇಕಾದೀತೆಂದು.

ಗೇಟಿನ ಎಡಕ್ಕೆ, ಅವಳ ಕಾಲು ಸರಿಯಾಗಿ ಬೀಳುವ ಕಡೆ, ಒಂದು ಚಪ್ಪಡಿ ಕಲ್ಲು ಇದೆ. ಪಕ್ಕದಲ್ಲಿ ಮಂಚಯ್ಯ ಪಂಚೆ ಎತ್ತಿ ಕಟ್ಟಿಕೊಂಡು, ಏದುಸಿರು ಬಿಡುತ್ತ ನಿಂತಿದ್ದಾರೆ. ಕೈಯಲ್ಲಿ ಮಗಳ ಮರದ ಸ್ಕೇಲ್ ಇದೆ.

ಆ ಕಲ್ಲನ್ನು ನಾನು ಬರೆದಿಲ್ಲ. ಬೇಕಾದರೆ ಹಿಂದೆ ತಿರುಗಿಸಿ ನೋಡಿ, ಎಲ್ಲೂ ಇಲ್ಲ.

“ಅಯ್ಯೋ, ನನ್ ಬಟ್ಟೆ ಒಗ್ಯೋ ಕಲ್ಲು ಕಣೇ ಅದು,” ಎಂದರು ಮಾಯಮ್ಮ. “ಮನೆ ಇಂದ್ಲ ಇತ್ಲಿಂದ ಒಬ್ರೇ ಎತ್ಕಂಡು ಬಂದವ್ರೆ. ಸೊಂಟ ನೋವು ಅಂತಾರೆ, ಒಂದ್ ಬಿಂದ್ಗೆ ನೀರು ತಂದ್ಕೊಡಲ್ಲ.”

ತೇಜಶ್ರೀ ಕಲ್ಲನ್ನು ನೋಡಿದಳು, ಸ್ಕೇಲನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಹೆಲ್ಮೆಟ್ಟಿನೊಳಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಬ್ರೇಕಿನ ಮೇಲೆ ಬೆರಳಿಟ್ಟು, ಎಡಗಾಲನ್ನು ಸಡಿಲ ಮಾಡಿದಳು.

“ನಿಲ್ಲುಸ್ಬೇಡ,” ಎಂದರು ಮಾಯಮ್ಮ ಹಿಂದಿನಿಂದ. “ಇನ್ನೊಂದ್ ರೌಂಡ್ ಓಗನ. ಆ ಕಡೆ ಬೀದಿ ಗೋಡೆಗಳೊಳ್ಗೆ ಏನೈತೆ ಅಂತ ನೋಡಿಲ್ಲ.”

“ಅವ್ವ, ಅಪ್ಪ ಕಾಯ್ತಾವ್ರೆ.”

“ಕಾಯ್ಲಿ. ಕಲ್ಲು ಎಲ್ಲಿಗೋಯ್ತದೆ?”

ಗಾಡಿ ಗೇಟಿನ ಮುಂದೆ ನಿಧಾನವಾಗಿ ಬಂದು, ನಿಲ್ಲದೆ, ಮುಂದಕ್ಕೆ ಹೋಯಿತು. ಮಂಚಯ್ಯ ಸ್ಕೇಲ್ ಹಿಡಿದ ಕೈಯನ್ನು ಎತ್ತಿ ಆಡಿಸಿದರು.

“ರೈಟ್,” ಎಂದರು.

8

ಅವಳು ನಿಲ್ಲಿಸಿದಳೋ ಇಲ್ಲವೋ ಎಂದು ನೀವು ಕೇಳುತ್ತೀರಿ. ನನಗೂ ಗೊತ್ತಿಲ್ಲ. ಮೂರನೇ ರೌಂಡಿನ ಸದ್ದು ಈಗ ಹಿಂದಿನ ಬೀದಿಯಲ್ಲಿ ಕೇಳಿಸುತ್ತಿದೆ, ಜೊತೆಗೆ ಮಾಯಮ್ಮನ ಗಟ್ಟಿ ಮಾತೂ ಕೇಳಿಸುತ್ತಿದೆ. ಯಾರದೋ ಕಾಂಪೌಂಡಿನೊಳಗೆ ಹಲಸಿನ ಮರ ಇದೆಯಂತೆ.

ಮಂಚಯ್ಯ ನಿಂತು ನಿಂತು ಸುಸ್ತಾಗಿ ಕಲ್ಲಿನ ಮೇಲೆ ಕೂತಿದ್ದಾರೆ. ಪಾನಕದ ಎರಡು ಲೋಟ ತಂದಿಟ್ಟಿದ್ದರು, ಒಂದನ್ನು ನನಗೆ ಕೊಟ್ಟರು. ನಾನೂ ಅವರ ಪಕ್ಕ ಕೂತಿದ್ದೇನೆ. ಬಟ್ಟೆ ಒಗೆಯುವ ಕಲ್ಲು ಉದ್ದಕ್ಕಿದೆ, ಇನ್ನೊಬ್ಬರಿಗೆ ಜಾಗ ಇದೆ. ಬನ್ನಿ, ನೀವೂ ಕೂತುಕೊಳ್ಳಿ. ಗಾಡಿ ಬಂದಾಗ ಎದ್ದು ಜಾಗ ಬಿಟ್ಟರಾಯಿತು.