ಬಡಗಿಯ ಮಗಳ ಹುಳುಕು ಹಲ್ಲು

ಈ ಕತೆಯನ್ನು ಬಡಗಿ ತನ್ನ ಮರಗೆಲಸದ ಅಂಗಡಿಗೆ ಬಂದವರಿಗೆಲ್ಲ ತಾನೇ ಹೇಳಿ ನಗಿಸುತ್ತಾನೆ. ಇದರಲ್ಲೊಬ್ಬ ದಡ್ಡನಿದ್ದಾನೆ, ಹುಡುಕುವ ಶ್ರಮ ಬೇಡ, ಅದು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತಾನೆ.

ಆರು ತಿಂಗಳ ಹಿಂದೆ ಮಗಳ ಕೆಳದವಡೆ ಹಲ್ಲಿನಲ್ಲಿ ಮೊಳೆಯ ಮೊನೆಯಷ್ಟು ಕಪ್ಪು ಚುಕ್ಕೆ ಕಂಡಿತ್ತು. "ಹಾಲುಹಲ್ಲು ಕಣೇ, ಬೀಳೋ ಹಲ್ಲಿಗೆ ಯಾರಾದ್ರೂ ಡಾಕ್ಟ್ರ ಹತ್ರ ಓಡ್ತಾರಾ?" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದ. ಈಗ ಅಲ್ಲಿ ಮೊಳೆಯ ತಲೆ ಕೂರುವಷ್ಟು ಗುಂಡಿ ಬಿದ್ದಿತ್ತು. ಸಿಕ್ಕಿದ್ದನ್ನೆಲ್ಲ ಕಡಿಯುತ್ತಾಳೆಂದು ಮನೆಯಲ್ಲಿ ಅಳಿಲು ಎನ್ನಿಸಿಕೊಂಡಿದ್ದ ಆರು ವರ್ಷದ ಹುಡುಗಿ ಒಂದೇ ಕಡೆಯಿಂದ ಅಗಿಯತೊಡಗಿದ್ದಳು.

ಹೆಂಡತಿ ಗಂಡನ ಅಪ್ಪಣೆಗೆ ಕಾಯದೆ ಮಗಳನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದು, ಎಕ್ಸ್‌ರೇ ತೆಗೆಸಿಕೊಂಡು ಬಂದಳು.

"ಹುಳುಕು ಇನ್ನೂ ನರಕ್ಕೆ ಮುಟ್ಟಿಲ್ವಂತೆ ರೀ. ಹಾಗೇ ಬಿಡೋ ಹಾಗಿಲ್ಲ, ಆ ಹಲ್ಲು ಬೀಳೋಕೆ ಇನ್ನೂ ನಾಲ್ಕು ವರ್ಷ ಇದೆ. ಒಂದೋ ಕೊರೆದು ತುಂಬ್ಸೋದು. ಇಲ್ಲಾಂದ್ರೆ ಕೊರೀದೇನೇ ಮೇಲೆ ಸ್ಟೀಲ್ ಕ್ಯಾಪ್ ಕೂರಿಸೋದು. ಯೋಚ್ನೆ ಮಾಡಿ ಬನ್ನಿ ಅಂದ್ರು."

"ಹುಳುಕು ಒಳಗಿಟ್ಟು ಮೇಲೆ ಮುಚ್ಚೋದಾ?" ಬಡಗಿಗೆ ಪಿತ್ತ ನೆತ್ತಿಗೇರಿತು. ಹುಳು ಹಿಡಿದ ಚೌಕಟ್ಟಿಗೆ ಬಣ್ಣ ಬಳಿದು ಕೈ ತೊಳೆದುಕೊಳ್ಳುವವರನ್ನು ಅವನು ಜನ್ಮವಿಡೀ ಬೈದುಕೊಂಡು ಬಂದವನು. "ಅದು ಮೋಸದ ಕೆಲ್ಸ. ಕೊರೆದು ತೆಗೀಲಿ."

"ಗಾಳಿ, ಊಟ ಸಿಗದೆ ಹುಳುಕು ಅಲ್ಲೇ ನಿಂತೋಗತ್ತಂತೆ."

"ಮರದ ವಿಷ್ಯ ನಂಗೆ ಹೇಳ್ಬೇಡ."

"ನಾನು ಹಲ್ಲಿನ ವಿಷ್ಯ ಹೇಳ್ತಿರೋದು," ಎಂದು ಹೆಂಡತಿ ಎದ್ದು ಹೋದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಬಡಗಿಯೇ ಅಲ್ಲ. ಮಗಳಿಗೆ ಧೈರ್ಯ ತುಂಬಬೇಕೆಂದು ಅವಳನ್ನು ಅಂಗಡಿಗೆ ಕರೆದೊಯ್ದ. ತುಂಡು ಹಲಗೆಯನ್ನು ಬೆಂಚಿಗೆ ಬಿಗಿದು, ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಹಲ್ಲು ಬರೆದ. "ನೋಡು ಅಳಿಲೇ, ಡಾಕ್ಟ್ರದ್ದು ಇದ್ರ ಮರಿ ಅಷ್ಟೇ. ಭಯ ಪಡೋಕೆ ಏನೂ ಇಲ್ಲ," ಎಂದು ಡ್ರಿಲ್ ಮೆಷಿನ್ ಚಾಲೂ ಮಾಡಿದ. ಮೆಷಿನ್ನು ಅರಚಿತು. ಬರೆದ ಹಲ್ಲಿನ ನಟ್ಟನಡುವೆ ತೂತು ಬಿದ್ದು, ಸುಟ್ಟ ವಾಸನೆಯ ಜೊತೆ ಹೊಗೆ ಎದ್ದಿತು. ಎಂಥ ಉಪಾಯ ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತ ತಿರುಗಿದರೆ, ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಾಗಿಲಾಚೆ ನಿಂತಿದ್ದಳು.

ಮರುದಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತಾಗಲೂ ಆ ಕೈ ಇಳಿಯಲಿಲ್ಲ. ತಾಯಿ ರಮಿಸಿದಳು, ಡಾಕ್ಟರಮ್ಮ ಬೊಂಬೆ ತೋರಿಸಿದರು. ಬಡಗಿ, "ಡ್ರಿಲ್ ಅಂದ್ರೆ ಏನೂ ಅಲ್ಲ ಪುಟ್ಟಾ," ಎಂದ. ಮಗಳು ಅವನತ್ತ ಹೇಗೆ ನೋಡಿದಳೆಂದರೆ, ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಮಾತನ್ನು ಅವಳು ಇನ್ನು ನಂಬುವುದಿಲ್ಲ.

"ಮೊದ್ಲು ಅಪ್ಪನ ಬಾಯಿ ನೋಡಿ," ಎಂದಳು ಅಳಿಲು, ಬೆರಳ ಸಂದಿಯಿಂದ.

ಬಡಗಿ ಮಗಳನ್ನು ಇಳಿಸಿ ಶೂರನಂತೆ ತಾನೇ ಕುರ್ಚಿ ಏರಿದ. ಡಾಕ್ಟರಮ್ಮ ಕನ್ನಡಿ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು.

"ಎಡಗಡೆ ಅಗಿಯೋದು ಬಿಟ್ಟು ಎಷ್ಟು ದಿನ ಆಯ್ತು?"

ಬಾಯಲ್ಲಿ ಕನ್ನಡಿ ಇದ್ದುದರಿಂದ ಅವನು ಎರಡು ಬೆರಳು ತೋರಿಸಿದ.

"ಎರಡು ದಿನವಾ?"

"ವರ್ಷ," ಎಂದಳು ಹೆಂಡತಿ, ಈಗಷ್ಟೇ ಅರ್ಥವಾದವಳಂತೆ. "ಅದಕ್ಕೇ ತಲೆ ವಾರೆ ಮಾಡ್ಕೊಂಡು ಊಟ ಮಾಡ್ತೀರಾ!"

"ಇದನ್ನ ಕೊರೀಲೇಬೇಕು," ಎಂದರು ಡಾಕ್ಟರಮ್ಮ.

ಪಕ್ಕದಲ್ಲಿ ತೂಗುತ್ತಿದ್ದ ಪುಟ್ಟ ಡ್ರಿಲ್ ಬಡಗಿಯ ಕಣ್ಣಿಗೆ ಬಿತ್ತು. "ಮೇಡಂ, ಇದಕ್ಕೂ ಹಾಗೇ ಮೇಲೊಂದು ಸ್ಟೀಲ್ ಕ್ಯಾಪ್..."

"ಮೋಸದ ಕೆಲ್ಸ ಅಂದ್ರಲ್ಲ?" ಎಂದಳು ಹೆಂಡತಿ.

"ನಿಮ್ಮ ಹಲ್ಲು ಜೀವಮಾನ ಬಾಳ್ಬೇಕು, ಅದಕ್ಕೆ ಆಗಲ್ಲ," ಎಂದರು ಡಾಕ್ಟರಮ್ಮ. "ಅವಳದು ನಾಲ್ಕು ವರ್ಷ ಸದ್ದಿಲ್ಲದೆ ಇದ್ರೆ ಸಾಕು, ಅದಕ್ಕೆ ಕ್ಯಾಪೇ ಸರಿ."

ನಲವತ್ತು ವರ್ಷದ ಗಂಡಸು ತಾನು ಓಡಿಹೋಗಲು ಬಾಗಿಲು ಹುಡುಕುತ್ತಿದ್ದ. ಆರು ವರ್ಷದವಳಿಗೆ ಮಾತ್ರ ಕೊರೆಯಿರಿ ಎಂದು ತೀರ್ಪು ಕೊಟ್ಟಿದ್ದ. ಅವನಿಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಕುರ್ಚಿಯಿಂದ ಇಳಿದು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಿನ್ನೆ ನಾನು ಹೇಳಿದ್ದು ಸುಳ್ಳು ಕಣೇ. ಡ್ರಿಲ್ ಕಂಡ್ರೆ ನಂಗೂ ಭಯ. ನಿಂಗೆ ಡ್ರಿಲ್ ಇಲ್ಲ, ಕ್ಯಾಪ್ ಹಾಕ್ಸೋಣ."

ಅಳಿಲು ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಕೆಳಗಿಳಿಸಿ, ಕುರ್ಚಿ ಹತ್ತಿ, ಬಾಯಿ ತೆರೆದಳು. ಅಳತೆಯ ಕ್ಯಾಪಿಗೆ ಅಂಟು ತುಂಬಿ ಕೂರಿಸಿದ ಡಾಕ್ಟರಮ್ಮ ಹತ್ತಿ ಸುರುಳಿ ಇಟ್ಟು, "ಜೋರಾಗಿ ಕಚ್ಚು," ಎಂದರು. ಕಚ್ಚುವುದನ್ನು ಅಳಿಲಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ನಿಮಗೆ ಗುರುವಾರ ಬರ್ಕೊಳ್ಳಲಾ?" ಎಂದರು ಡಾಕ್ಟರಮ್ಮ ಬಡಗಿಗೆ.

"ಮುಂದಿನ ವಾರ ಬಾಗಿಲು ಕೂರಿಸೋ ಕೆಲ್ಸ ತಲೆ ಮೇಲಿದೆ ಮೇಡಂ. ಬರೋ ತಿಂಗಳು..."

ಅಳಿಲು ಹೊಳೆಯುವ ಹಲ್ಲನ್ನು ನಾಲಿಗೆಯಿಂದ ಸವರುತ್ತ ಕೇಳಿದಳು, "ಅಪ್ಪಾ, ನಿಂದೂ ಬೀಳೋ ಹಲ್ಲಾ?"

"ಗುರುವಾರ ಬರ್ಕೊಳ್ಳಿ," ಎಂದ ಬಡಗಿ.

"ನಾನೂ ಬರ್ತೀನಿ, ಕೈ ಹಿಡ್ಕೊಳ್ಳೋಕೆ," ಎಂದಳು ಅವಳು.

ಗುರುವಾರಕ್ಕೆ ಇನ್ನೂ ಐದು ದಿನವಿತ್ತು. ಬಡಗಿ ಆಗಲೇ ಅವಳ ಕೈ ಹಿಡಿದುಕೊಂಡ.