ವೀಸ್‌ಬಾಡೆನ್ನಿನಲ್ಲಿ ಹೆಣ್ಣು ನೋಡಿದ್ದು

ಗ್ಲೆನ್‌ನ ತಾಯಿ ಕ್ಲೋಟಿಲ್ಡಾ ತನಗೆ ಕ್ಯಾಸಿನೋ ನೋಡಬೇಕು ಎಂದಾಗ, ಸಂಜನಾಳ ಪುಟ್ಟ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ ಗ್ಲೆನ್‌ನ ತಂದೆ ಡೇವಿಡ್‌ಗೆ ಚಹಾ ನೆತ್ತಿಗೆ ಹತ್ತಿತು.

“ನಿನಗೆ ಎಂತ ಮರ್ಲಾ?” ಎಂದರು, ಕೆಮ್ಮು ನಿಂತ ಮೇಲೆ. “ದಿನಾ ಬೆಳಿಗ್ಗೆ ಚರ್ಚಿಗೆ ಪೂಜೆಗೆ ಹೋಗುವವಳು ಜೂಜಿನ ಮನೆಗೆ ಹೋಗ್ತಾಳಂತೆ!”

“ಆಡ್ಲಿಕ್ಕೆ ಅಂತ ಯಾರು ಹೇಳಿದ್ರು? ನೋಡ್ಲಿಕ್ಕೆ. ನಿಮ್ಮ ತಂಗಿ ಗೋವಾದಲ್ಲಿ ಹಡಗಿನ ಕ್ಯಾಸಿನೋ ನೋಡಿ ಬಂದು ಇಡೀ ಇಗರ್ಜಿಗೆ ಸಾರಿದ್ದು ಮರೆತುಹೋಯ್ತಾ? ನಾನು ಜರ್ಮನಿಯವರೆಗೆ ಬಂದು ಬರೀ ಚೀಸು ನೋಡಿ ಹೋಗ್ಬೇಕಾ?”

ಸಂಜನಾ ಒಲೆಯ ಕಡೆ ತಿರುಗಿ ನಗು ನುಂಗಿದಳು. ಅಷ್ಟು ಸಲೀಸಾಗಿ ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅವಳು ಗೋಕಾಕದವಳು. ಎರಡು ವರ್ಷದ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಡಲು ಶುರು ಮಾಡಿದ ಹೊಸದರಲ್ಲೇ ಬಂದು ಡಾರ್ಮ್‌ಸ್ಟಾಟ್‌ನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದಳು. ಗ್ಲೆನ್ ಮಂಗಳೂರಿನವನು, ಯೇನಾ ಎಂಬ ಊರಿನಲ್ಲಿ ಕ್ಯಾಮೆರಾ ಲೆನ್ಸುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಮದುವೆಯಾಗುವುದೆಂದು ಇಬ್ಬರೂ ತಮ್ಮೊಳಗೆ ತೀರ್ಮಾನಿಸಿ ವರ್ಷವಾಗಿತ್ತು. ಈಗ ಮಗನನ್ನು ನೋಡಲು ಬಂದಿದ್ದ ತಂದೆತಾಯಿಯನ್ನು ಶನಿವಾರ ಭಾನುವಾರಕ್ಕೆಂದು ಗ್ಲೆನ್ ಡಾರ್ಮ್‌ಸ್ಟಾಟ್‌ಗೆ ಕರೆತಂದಿದ್ದ. ಸಂಜನಾಳ ಬಗ್ಗೆ ಅವರಿಗೆ ಹೇಳಿದ್ದು ಇಷ್ಟೇ: ಒಳ್ಳೆಯ ಹುಡುಗಿ, ತುಂಬ ಓದಿದ್ದಾಳೆ, ಇಪ್ಪತ್ತೇಳು ವರ್ಷ.

ಅವಳಿಗೆ ಮೂವತ್ತೊಂದು. ಗ್ಲೆನ್‌ಗಿಂತ ಮೂರು ವರ್ಷ ದೊಡ್ಡವಳು.

“ಉಳದ ನಾಕ್ ವರ್ಷ ಎಲ್ಲಿ ಇಟ್ಟಿ?” ಎಂದು ಅವಳು ಫೋನಿನಲ್ಲಿ ಸಿಡುಕಿದಾಗ, “ಮಮ್ಮಿಗೆ ನಿಧಾನಕ್ಕೆ ಹೇಳುವ ಮಾರಾಯ್ತಿ. ಒಂದೊಂದೇ ವರ್ಷ,” ಎಂದಿದ್ದ.

ಸಾಲದ್ದಕ್ಕೆ ಕ್ಲೋಟಿಲ್ಡಾ ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಎದುರಿಗೆ ಕೂತವರ ಮಾತಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಹುಡುಕುವ ಕಿವಿ ಅವರದು. ಗ್ಲೆನ್ ಮೊದಲಿನಿಂದಲೂ ಸಂಜನಾಳ ‘ಹೌದ್ರಿ, ಬ್ಯಾಡ್ರಿ’ಯನ್ನು ಅಣಕಿಸಿ, “ಶುದ್ಧ ಕನ್ನಡ ಬೇಕಾದ್ರೆ ನಮ್ಮಲ್ಲಿಗೆ ಬರ್ಬೇಕು. ನಾನು ಟೀಚರ ಮಗ,” ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಹಾಗಾಗಿ ಹಿಂದಿನ ಸಂಜೆಯಿಂದ ಅವಳು ಭಾವೀ ಅತ್ತೆಯ ಮುಂದೆ ಬಾಯಿ ತೆರೆದದ್ದೇ ಕಡಿಮೆ.

ಶನಿವಾರ ಊಟ ಮುಗಿಸಿ ನಾಲ್ವರೂ ಒಂದೇ ವಾರಾಂತ್ಯದ ಟಿಕೆಟ್ಟಿನಲ್ಲಿ ಕ್ಯಾಸಿನೋ ಇರುವ ವೀಸ್‌ಬಾಡೆನ್ನಿನ ರೈಲು ಹತ್ತಿದರು. ಗಂಡಸರಿಗೆ ಕೋಟು, ಟೈ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಗ್ಲೆನ್ ಹೇಳಿದ್ದರಿಂದ ಅಪ್ಪ, ಮಗ ಇಬ್ಬರೂ ಜುಲೈ ಬಿಸಿಲಿನಲ್ಲಿ ಮದುವಣಿಗರಂತೆ ಬೆವರುತ್ತಿದ್ದರು. ಕ್ಲೋಟಿಲ್ಡಾ ಕ್ರಿಸ್ಮಸ್‌ಗೆ ಉಡುವ ನೀಲಿ ರೇಷ್ಮೆ ಸೀರೆ ಉಟ್ಟು, ಕಪ್ಪು ವ್ಯಾನಿಟಿ ಬ್ಯಾಗನ್ನು ಮಡಿಲಲ್ಲಿ ಭದ್ರವಾಗಿ ಹಿಡಿದು ಕೂತಿದ್ದರು.

ಕ್ಯಾಸಿನೋದ ಬಾಗಿಲಲ್ಲಿ ಕಪ್ಪು ಕೋಟಿನ ಹುಡುಗಿಯೊಬ್ಬಳು ನಗುತ್ತ ಎಲ್ಲರ ಗುರುತಿನ ಚೀಟಿ ಕೇಳಿದಳು. ಕ್ಲೋಟಿಲ್ಡಾ ತಮ್ಮ ಪಾಸ್‌ಪೋರ್ಟ್ ಕೊಟ್ಟರು. ಡೇವಿಡ್ ಕೋಟಿನ ಒಳಜೇಬಿಗೆ ಕೈ ಹಾಕಿದರು. ಹೊರಜೇಬಿಗೆ ಹಾಕಿದರು. ಆಮೇಲೆ ಪ್ಯಾಂಟಿನ ಎಲ್ಲ ಜೇಬುಗಳನ್ನೂ ತಟ್ಟಿ ನೋಡಿದರು.

“ಇಲ್ಲೇ ಇಟ್ಟಿದ್ದೆ. ಬೆಳಿಗ್ಗೆ ನನ್ನ ಕೈಯಾರೆ ಇಟ್ಟದ್ದು!”

“ನಿಮಗೆ ಯಾವುದು ನೆನಪಿರ್ತದೆ?” ಎಂದರು ಕ್ಲೋಟಿಲ್ಡಾ ತಣ್ಣಗೆ.

ಪಾಸ್‌ಪೋರ್ಟ್ ಇಲ್ಲದೆ ಬಿಡಲಾಗುವುದಿಲ್ಲ ಎಂದು ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಗ್ಲೆನ್ ಎಲ್ಲರೂ ವಾಪಸು ಹೋಗೋಣ ಎಂದ. ಕ್ಲೋಟಿಲ್ಡಾ ಒಪ್ಪಲಿಲ್ಲ. ಡೇವಿಡ್‌ರನ್ನು ಒಬ್ಬರನ್ನೇ ಹೊರಗೆ ಬಿಡುವಂತೆಯೂ ಇರಲಿಲ್ಲ. ಯೇನಾದಲ್ಲಿ ಬ್ರೆಡ್ಡು ತರಲು ಹೋದವರನ್ನು ಹಿಂದಿನ ವಾರವಷ್ಟೇ ಇನ್ನೊಂದು ಬಡಾವಣೆಯಲ್ಲಿ ಹುಡುಕಿ ತಂದಿದ್ದರು.

“ನೀನು ಡ್ಯಾಡಿ ಒಟ್ಟಿಗೆ ಪಾರ್ಕಿನಲ್ಲಿ ಕೂತ್ಕೋ. ನಾನು, ಸಂಜನಾ ಒಂದು ಸುತ್ತು ನೋಡಿ ಬರ್ತೇವೆ,” ಎಂದು ಆಕೆ ಸಂಜನಾಳ ಮೊಣಕೈ ಹಿಡಿದು ಒಳಗೆ ನಡೆದೇಬಿಟ್ಟರು. ಸಂಜನಾ ಹಿಂತಿರುಗಿ ನೋಡಿದಾಗ ಗ್ಲೆನ್, ಪರೀಕ್ಷೆಯ ಕೋಣೆಗೆ ತಂಗಿಯನ್ನು ಕಳಿಸಿದ ಅಣ್ಣನಂತೆ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದ.

ಒಳಗೆ ತೂಗುದೀಪಗಳು, ಕಡುಗೆಂಪು ಜಮಖಾನ, ಪಿಸುಮಾತು. ಹಸಿರು ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲೆ ಸೊನ್ನೆಯಿಂದ ಮೂವತ್ತಾರರವರೆಗೆ ಅಂಕಿಗಳು. ತುದಿಯಲ್ಲಿ ಚಕ್ರ, ಚಕ್ರದಲ್ಲಿ ಬಿಳಿ ಗುಂಡು, ಪಕ್ಕದಲ್ಲಿ ಅದನ್ನು ತಿರುಗಿಸುವವನು. ಯಾವ ಅಂಕಿಯ ಮೇಲೆ ಬಿಲ್ಲೆ ಇಡುತ್ತೀರೋ ಅಲ್ಲಿ ಗುಂಡು ನಿಂತರೆ ಗೆದ್ದಿರಿ ಎಂದು ಸಂಜನಾ ವಿವರಿಸಿದಳು.

“ನಮ್ಮ ಚರ್ಚಿನ ಫೆಸ್ತಿನ ಹೌಸಿ ಆಟವೇ ವಾಸಿ,” ಎಂದರು ಕ್ಲೋಟಿಲ್ಡಾ. “ಅಲ್ಲಿ ನಂಬರು ಕೂಗುವವ ನಾಲ್ಕು ಜೋಕಾದ್ರೂ ಮಾಡ್ತಾನೆ. ಇವ ನೋಡು, ಮರಣದ ಮನೆಗೆ ಬಂದವರ ಹಾಗೆ ನಿಂತಿದ್ದಾನೆ.”

ಬರೀ ನೋಡಲು ಬಂದವರು ಅಷ್ಟರಲ್ಲಿ ಒಂದು ಮುಷ್ಟಿ ಬಿಲ್ಲೆ ಕೊಂಡಾಗಿತ್ತು.

“ಯಾವ ನಂಬರಿಗೆ ಇಡುವುದು? ಹೇಳು. ನಿನ್ನ ಮನೆಯಲ್ಲಿ ಎಷ್ಟು ಜನ?”

“ಹನ್ನೊಂದ ಮಂದಿ ಅದೀವ್ರಿ, ಆಂಟಿ. ಕಾಕಾ ಅವರೂ ಕೂಡೇ ಇರ್ತಾರ.”

“ಒಂದೇ ಅಡುಗೆಯಾ? ಒಳ್ಳೇದು.” ಬಿಲ್ಲೆ ಹನ್ನೊಂದರ ಮೇಲೆ ಕೂತಿತು. ಹೋಯಿತು.

“ಗ್ಲೆನ್‌ನ ಪರಿಚಯ ಆಗಿ ಎಷ್ಟು ವರ್ಷ?”

“ಎರಡ್ರಿ.”

ಎರಡರ ಮೇಲಿನ ಬಿಲ್ಲೆಯೂ ಹೋಯಿತು. ಕ್ಲೋಟಿಲ್ಡಾಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ.

“ತಿಂಗಳಿಗೆ ಎಷ್ಟು ಸಲ ದೇವಸ್ಥಾನಕ್ಕೆ ಹೋಗ್ತಿ?”

ಸಂಜನಾ ತಡವರಿಸಿದಳು. “ಇಲ್ಲಿ ಹತ್ರ ಯಾವ ಗುಡಿನೂ ಇಲ್ರಿ… ಸೊನ್ನಿ ಅನ್ನಬೇಕ್ರಿ.”

“ಸೊನ್ನೆ ಉಂಟಲ್ಲ, ಅಲ್ಲಿ ಮೇಲೆ. ಇಡು. ಗ್ಲೆನ್ ಚರ್ಚಿಗೆ?”

ಸಂಜನಾ ತೂಗುದೀಪ ನೋಡಿದಳು.

“ಗೊತ್ತಾಯ್ತು. ಅವನದ್ದೂ ಅಲ್ಲಿಯೇ ಇಡು.”

ಒಂದೇ ಮನೆಯಲ್ಲಿ ಎರಡು ಬಿಲ್ಲೆ ಜೋಡಿಯಾಗಿ ಕೂತವು, ಜೋಡಿಯಾಗಿಯೇ ಹೋದವು. ಹೊರಗೆ ಹೋಗಿ ಗ್ಲೆನ್‌ಗೆ ಇದನ್ನು ಹೇಗೆ ಹೇಳುವುದೆಂದು ಅವಳು ಯೋಚಿಸುತ್ತಿರುವಾಗಲೇ ಕ್ಲೋಟಿಲ್ಡಾ ಕರವಸ್ತ್ರಕ್ಕೆಂದು ಬ್ಯಾಗಿನ ಬಾಯಿ ತೆರೆದರು. ಒಳಗೆ ಜಪಮಾಲೆಯ ಪಕ್ಕದಲ್ಲಿ ನೀಲಿ ಪಾಸ್‌ಪೋರ್ಟುಗಳು. ಒಂದಲ್ಲ, ಎರಡು.

ಸಂಜನಾ ಬ್ಯಾಗನ್ನು ನೋಡಿದಳು. ಕ್ಲೋಟಿಲ್ಡಾ ಸಂಜನಾಳನ್ನು ನೋಡಿದರು. ಬ್ಯಾಗು ಟಕ್ಕೆಂದು ಮುಚ್ಚಿತು.

“ಅಂಕಲ್‌ದು…”

“ಗಂಡಸರು ಒಟ್ಟಿಗೆ ಇದ್ರೆ ಮಾತಾಡ್ಲಿಕ್ಕೆ ಆಗ್ತದಾ?” ಎಂದರು ಕ್ಲೋಟಿಲ್ಡಾ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ನಿನ್ನೆಯಿಂದ ನೋಡ್ತಾ ಇದ್ದೇನೆ. ನಿನಗೆ ಒಂದು ಕೇಳಿದ್ರೆ ಅವ ಉತ್ತರ ಹೇಳ್ತಾನೆ. ನನಗೆ ಅವನ ಉತ್ತರ ಬೇಡ.”

ಸಂಜನಾಳಿಗೆ ಆಗ ತಿಳಿಯಿತು, ಇದು ತನ್ನನ್ನು ನೋಡುವ ಶಾಸ್ತ್ರ. ಉಪ್ಪಿಟ್ಟು ಇರಲಿಲ್ಲ, ಹಾಡು ಹೇಳು ಎನ್ನುವವರಿರಲಿಲ್ಲ, ಅಷ್ಟೇ ವ್ಯತ್ಯಾಸ. ಊರಿನಲ್ಲಿ ಇಂಥ ನಾಲ್ಕು ಶಾಸ್ತ್ರಗಳಿಗೆ ಕೂತು, ನಾಲ್ಕರಿಂದಲೂ ತಪ್ಪಿಸಿಕೊಂಡು ಬಂದವಳು ಅವಳು. ಇಲ್ಲಿ ಓಡಲು ದಾರಿಯೇ ಇರಲಿಲ್ಲ.

“ಈಗ ನಿನ್ನ ವಯಸ್ಸು,” ಎಂದು ಕ್ಲೋಟಿಲ್ಡಾ ತಾವೇ ಒಂದು ಬಿಲ್ಲೆಯನ್ನು ಇಪ್ಪತ್ತೇಳರ ಮೇಲೆ ಇಟ್ಟರು. “ಗ್ಲೆನ್ ಹೇಳಿದ್ದು ಇಷ್ಟೇ ಅಲ್ವಾ?”

ಚಕ್ರ ತಿರುಗಿತು. ಗುಂಡು ಅಂಚಿನಲ್ಲಿ ಗರಗರ ಓಡತೊಡಗಿತು. ಸುಮ್ಮನಿದ್ದರೆ ಮುಗಿಯುತ್ತಿತ್ತು, ಉಳಿದದ್ದು ಗ್ಲೆನ್‌ನ ತಲೆನೋವು. ಆದರೆ ಸಂಜನಾಳ ಕೈ ಸುಮ್ಮನಿರಲಿಲ್ಲ. ಮೇಜಿನ ಮೇಲೆ ಬಾಗಿ ಆ ಬಿಲ್ಲೆಯನ್ನು ತೆಗೆದು ಎರಡು ಸಾಲು ದಾಟಿಸಿ ಮೂವತ್ತೊಂದರ ಮೇಲೆ ಇಟ್ಟಳು.

“ನಿಷ್ಟ್ಸ್ ಗೇಟ್ ಮೇರ್,” ಎಂದ ಚಕ್ರದವನು.

“ಎಂತ ಹೇಳಿದ ಅವ?”

“ಇನ್ನ ಯಾರೂ ಬದಲ ಮಾಡಾಂಗಿಲ್ಲಂತ್ರಿ, ಆಂಟಿ.”

ಗುಂಡು ಕುಣಿದು ಕುಣಿದು ಹದಿನೆಂಟಕ್ಕೆ ಹೋಗಿ ಕೂತಿತು. ಚಕ್ರದವನು ಉದ್ದನೆಯ ಕೋಲಿನಿಂದ ಎಲ್ಲರ ಬಿಲ್ಲೆಗಳ ಜೊತೆ ಸಂಜನಾಳ ವಯಸ್ಸನ್ನೂ ಎಳೆದುಕೊಂಡ. ಕ್ಲೋಟಿಲ್ಡಾ ಸೆರಗು ಸರಿಮಾಡಿಕೊಂಡರು. ಎದುರಿಗೆ ಮುತ್ತಿನ ಸರ ಹಾಕಿಕೊಂಡ ಜರ್ಮನ್ ಅಜ್ಜಿಯನ್ನು ಸ್ವಲ್ಪ ಹೊತ್ತು ನೋಡಿದರು.

“ಮೂವತ್ತೊಂದಾ?” ಎಂದರು ಕೊನೆಗೆ. “ಹಾಗಾದ್ರೆ ಸ್ವಲ್ಪ ಬುದ್ಧಿ ಬಂದಿರ್ತದೆ. ಅವನಿಗಂತೂ ಇಲ್ಲ. ಮನೆಯಲ್ಲಿ ಒಬ್ಬರಿಗಾದ್ರೂ ಬೇಕಲ್ಲ.”

ಸಂಜನಾಳಿಗೆ ಎಲ್ಲಿತ್ತೋ ಏನೋ, ಧೈರ್ಯ ಬಂತು.

“ಆಂಟಿ, ಒಂದ್ ನಂಬರ್ ನಾ ಕೇಳ್ಲೇನ್ರಿ? ಎಸ್ಸೆಸ್ಸೆಲ್ಸಿಯೊಳಗ ಗ್ಲೆನ್‌ಗ ಕನ್ನಡದಾಗ ಎಷ್ಟು ಬಿದ್ದಿದ್ವು?”

ಕ್ಲೋಟಿಲ್ಡಾ ಎರಡು ಕ್ಷಣ ಕಣ್ಣು ಮುಚ್ಚಿದರು. ಹಳೆಯ ನೋವು ಅದು.

“ಮೂವತ್ತೈದು. ನೂರಕ್ಕೆ. ಶಾಲೆಯಲ್ಲಿ ಎರಡು ವಾರ ನಾನು ಸ್ಟಾಫ್ ರೂಮಿಗೆ ಹೋಗ್ಲಿಲ್ಲ.”

ಸಂಜನಾಗೆ ನಗು ತಡೆಯಲಾಗಲಿಲ್ಲ. ಶುದ್ಧ ಕನ್ನಡದ ಟೀಚರ ಮಗ! ಬಾಯಿಗೆ ಕೈ ಅಡ್ಡ ಹಿಡಿದು ಅವಳು ಅಲುಗಾಡುವುದನ್ನು ನೋಡಿ ಕ್ಲೋಟಿಲ್ಡಾಗೂ ನಗು ಬಂತು. ಇಬ್ಬರೂ ಸೇರಿ ಉಳಿದ ಬಿಲ್ಲೆಗಳನ್ನೆಲ್ಲ ಮೂವತ್ತೈದರ ಮೇಲೆ ಗೋಪುರ ಮಾಡಿದರು.

ಗುಂಡು ಓಡಿತು, ಎಡವಿತು, ನಿಂತಿತು.

“ಜೆಜು!” ಎಂದು ಯೇಸುವನ್ನು ಕರೆದು ಕ್ಲೋಟಿಲ್ಡಾ ಕಿರುಚಿದ ಸದ್ದಿಗೆ ಇಡೀ ಕೋಣೆ ತಿರುಗಿ ನೋಡಿತು. ಮುತ್ತಿನ ಸರದ ಅಜ್ಜಿ ಚಪ್ಪಾಳೆ ತಟ್ಟಿದಳು. ಚಕ್ರದವನು ಮೊದಲ ಸಲ ನಕ್ಕು ಬಿಲ್ಲೆಗಳ ರಾಶಿಯನ್ನು ಅವರ ಕಡೆ ದೂಡಿದ. ಅಲ್ಲಿಂದ ಆಕೆಯನ್ನು ಎಬ್ಬಿಸಿಕೊಂಡು ಬರುವುದು ಸಂಜನಾಳಿಗೆ ವಯಸ್ಸು ಹೇಳಿದ್ದಕ್ಕಿಂತ ಕಷ್ಟವಾಯಿತು. “ಇನ್ನೊಂದೇ ನಂಬರು, ಡೇವಿಡ್‌ಗೆ ಉಳಿದ ಹಲ್ಲು ಎಷ್ಟು ಅಂತ,” ಎನ್ನುತ್ತಿದ್ದರು ಕ್ಲೋಟಿಲ್ಡಾ. “ಸಾಕ್ರಿ ಆಂಟಿ, ಬರ್ರಿ,” ಎಂದು ಅವಳು ಕೈ ಹಿಡಿದು ಎಳೆದಳು.

ಪಾರ್ಕಿನ ಕೊಳದ ಬಳಿ ಡೇವಿಡ್ ಕೋಟು ಬಿಚ್ಚಿ ಬಾತುಕೋಳಿಗಳ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಗ್ಲೆನ್ ಬೆಂಚಿನಿಂದ ಎದ್ದು ಓಡಿಬಂದ.

“ಎಂತ ಮಾಡಿದ್ರಿ ಇಷ್ಟು ಹೊತ್ತು?”

“ಗೆದ್ದೆವು,” ಎಂದರು ಕ್ಲೋಟಿಲ್ಡಾ.

“ಗೆದ್ರಾ? ಯಾವ ನಂಬರು?”

“ನಿನ್ನ ಕನ್ನಡ ಮಾರ್ಕು.”

ಗ್ಲೆನ್ ತಾಯಿಯನ್ನು, ಸಂಜನಾಳನ್ನು, ಮತ್ತೆ ತಾಯಿಯನ್ನು ನೋಡಿದ. ಮುಖ ಕಿವಿಯವರೆಗೆ ಕೆಂಪಾಯಿತು. “ಪೇಪರ್ ತಿದ್ದಿದವರದ್ದು ತಪ್ಪು,” ಎಂದ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೆದ್ದದ್ದರಲ್ಲಿ ಹತ್ತಿರದ ಕೆಫೆಯಲ್ಲಿ ದೊಡ್ಡ ದೊಡ್ಡ ಕೇಕಿನ ತುಂಡು ತರಿಸಿದರು. ಡೇವಿಡ್ ಎರಡನೆಯದಕ್ಕೆ ಕೈ ಹಾಕಿದ ಹೊತ್ತಿಗೆ ಕ್ಲೋಟಿಲ್ಡಾ ಕೇಳಿದರು:

“ನಿನ್ನ ಮನೆಯಲ್ಲಿ ಗೊತ್ತುಂಟಾ, ಬಾಯೆ?”

ಹಿಂದಿನ ಸಂಜೆಯಿಂದ ಬರೀ ‘ಸಂಜನಾ’ ಆಗಿದ್ದವಳು ‘ಬಾಯೆ’ ಆದಳು. ಕೊಂಕಣಿಯಲ್ಲಿ ಮನೆಯ ಹುಡುಗಿಯನ್ನು ಕರೆಯುವ ಮಾತು ಅದು. ಗ್ಲೆನ್‌ನ ಚಮಚ ಅರ್ಧದಲ್ಲೇ ನಿಂತಿತು. ಆದರೆ ಸಂಜನಾಳಿಗೆ ಖುಷಿಪಡಲು ಪುರಸೊತ್ತಾಗಲಿಲ್ಲ. ಕಣ್ಣ ಮುಂದೆ ಅಪ್ಪ ಹಾಲಸಿದ್ದಪ್ಪ ಬಂದು ನಿಂತಿದ್ದರು.

“ಇಲ್ರಿ, ಆಂಟಿ. ಅಪ್ಪಾರಿಗೆ ಭಾಳ ಸಿಟ್ಟು. ಹೆಂಗ ಹೇಳೂದಂತ…”

“ನಾವು ಡಿಸೆಂಬರಿನಲ್ಲಿ ಗೋಕಾಕಕ್ಕೆ ಹೋಗಿ ಮಾತಾಡ್ತೇವೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇದ್ದವಳು ನಾನು. ಸಿಟ್ಟಿನ ಅಪ್ಪಂದಿರನ್ನು ಎಷ್ಟು ಜನ ನೋಡ್ಲಿಲ್ಲ? ಅವರಿಗೆ ತಿನ್ಲಿಕ್ಕೆ ಎಂತ ಇಷ್ಟ, ಅದು ಹೇಳು ಮೊದಲು.”

“ಮೀನ ಅಂತೂ ಅಲ್ರಿ,” ಎಂದಳು ಸಂಜನಾ ಗಾಬರಿಯಲ್ಲಿ. ಡೇವಿಡ್ ಗಟ್ಟಿಯಾಗಿ ನಕ್ಕರು.

ವಾಪಸು ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ಕ್ಲೋಟಿಲ್ಡಾ ಮೈಂಜ್ ಬರುವ ಮೊದಲೇ ನಿದ್ದೆಹೋದರು. ತಲೆ ಮೆಲ್ಲಗೆ ವಾಲಿ ಸಂಜನಾಳ ಹೆಗಲ ಮೇಲೆ ಬಂದು ನಿಂತಿತು. ಎದುರು ಸೀಟಿನಿಂದ ಗ್ಲೆನ್ ಕಣ್ಣಲ್ಲೇ ಕೇಳಿದ: ವಯಸ್ಸು? ಏನಾಯ್ತು? ಏನು ಹೇಳಿದೆ? ಅವಳು ಬಾಯಿ ತೆರೆದರೆ ಹೆಗಲು ಅಲುಗುತ್ತಿತ್ತು. ತಾಳು ಎಂಬಂತೆ ಹುಬ್ಬು ಹಾರಿಸಿ, ಹೊರಗೆ ಸಂಜೆ ಬಿಸಿಲಿಗೆ ಹೊಳೆಯುತ್ತಿದ್ದ ರೈನ್ ನದಿಯನ್ನು ನೋಡುತ್ತ ಕೂತಳು.